ತೆಗೆದುಕೊಂಡೆ ಎಂದ ಮೇಲೆ

ಆ ಸಾಲು ಸಿಕ್ಕಿತು. ಸಿಕ್ಕೇ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಸಿಗದಿದ್ದರೆ ಈ ಕೋಣೆಯಲ್ಲಿ ಇಷ್ಟು ವರ್ಷ ಕೂತು ಅವನು ಮಾಡಿದ್ದಾದರೂ ಏನು? ಬೇರೆ ಕಚೇರಿಗಳಲ್ಲಿ ಸರ್ವರ್‌ನ ಲಾಗ್‌ಗಳನ್ನು ತಿಂಗಳು ತುಂಬುವ ಮೊದಲೇ ಅಳಿಸಿಬಿಡುತ್ತಾರೆ, ಜಾಗ ಸಾಲದು ಅನ್ನುತ್ತಾರೆ. ಅವನು ಒಂದನ್ನೂ ಅಳಿಸಿದವನಲ್ಲ. ಬೀಜ ಪರೀಕ್ಷಾ ಸಂಸ್ಥೆಗೆ ಬಂದ, ಸಂಸ್ಥೆಯಿಂದ ಹೊರಟ ಪ್ರತಿಯೊಂದು ಮೇಲ್‌ನ ಜಾಡೂ ಅವನ ಹತ್ತಿರ ಇತ್ತು: ಯಾರಿಂದ, ಯಾರಿಗೆ, ಯಾವಾಗ, ಎಷ್ಟು ದೊಡ್ಡದು, ಆ ಕಡೆಯ ಸರ್ವರ್ ಏನಂದಿತು. ಹೋದ ವರ್ಷದ ಆ ದಿನದ ಲಾಗ್ ತೆರೆದು ಅಕ್ಕನ ವಿಳಾಸ ಹಾಕಿ ಹುಡುಕಿದ್ದೇ ತಡ, ಸಾಲು ಕಣ್ಣಿಗೆ ಬಿತ್ತು. ಅವನಿಂದ ಅಕ್ಕನಿಗೆ. ಅಕ್ಕನ ಮೇಲ್ ಇರುವುದು ಊರಿನವರದೆಲ್ಲ ಇರುವ ಕಡೆಯೇ, ಆ ದೊಡ್ಡ ಕಂಪನಿಯಲ್ಲಿ. ಕಂಪನಿಯ ಸರ್ವರ್ ಬಾಗಿಲಲ್ಲಿ ನಿಂತು ಇನ್ನೂರೈವತ್ತು ಎಂದಿತ್ತು. ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಆ ಅಂಕಿಗೆ ಒಂದೇ ಅರ್ಥ: ತೆಗೆದುಕೊಂಡೆ, ಇನ್ನು ಇದು ನನ್ನ ಹೊಣೆ, ನೀನು ಹೋಗು.

"ತಗೊಂಡೆ ಅಂದಿದ್ದಾನೆ ನೋಡಿ, ಕಳ್ಳ," ಎಂದು ಅವನು ಜೋರಾಗಿಯೇ ಹೇಳಿದ. ಕೋಣೆಯಲ್ಲಿ ಸರ್ವರ್‌ನ ಫ್ಯಾನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಭಾನುವಾರದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಅಮ್ಮ ಹೋಗಿ ವರ್ಷ ತುಂಬಿದ್ದಕ್ಕೆ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಎಲ್ಲರೂ ಎಂದರೆ ಅಕ್ಕ, ಭಾವ, ಚಿಕ್ಕಮ್ಮ, ಅವನು; ಇನ್ನು ಉಳಿದಿರುವುದೇ ಅಷ್ಟು ಜನ. ಊಟ ಮುಗಿದಿತ್ತು, ತಟ್ಟೆಗಳು ಮೇಜಿನ ಮೇಲೇ ಇದ್ದವು. ಅಕ್ಕ ತನ್ನ ಕನ್ನಡಕದ ಅಂಗಡಿಗೆ ಹಾಕಿಸಬೇಕಾದ ಹೊಸ ದೀಪದ ಮಾತಾಡುತ್ತಿದ್ದಳು, ಆಸ್ಪತ್ರೆಯ ಕಾರಿಡಾರಿನಲ್ಲಿ ಇತ್ತಲ್ಲ ಅಂಥ ದೀಪ ಬೇಡವೇ ಬೇಡ ಎಂದಳು, ಅಲ್ಲಿಂದ ಮಾತು ಹೇಗೆ ಹೊರಳಿತೋ, ಅವನ ಕಡೆ ತಿರುಗಿ "ಅವತ್ತು ನೀನು ನನ್ನ ಕೈ ಬಿಟ್ಟೆ ಪುಟ್ಟಾ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ, ಆ ಲೋಟ ಈ ಕಡೆ ಕೊಡು ಎನ್ನುವ ದನಿ. ಚಿಕ್ಕಮ್ಮ ಸುಮ್ಮನಿರಬೇಕಲ್ಲ? "ಒಂದು ಮಾತು ಹೇಳ್ಲಿಲ್ವಂತಲ್ಲೋ ನೀನು. ಹೆತ್ತ ತಾಯಿ ವಿಷಯ. ಉಸಿರಿನ ನಳಿಕೆ ತೆಗೀರಿ ಅಂತ ಆ ಹುಡುಗಿ ಒಬ್ಬಳೇ ಹೋಗಿ ಹೇಳಿ ಬಂದ್ಲು." ಐವತ್ತು ದಾಟಿದ ಅಕ್ಕ ಚಿಕ್ಕಮ್ಮನಿಗೆ ಇನ್ನೂ ಹುಡುಗಿ. ಭಾವ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದ, ಮನೆಯಲ್ಲಿ ಯಾವತ್ತೂ ತಟ್ಟೆ ಎತ್ತದ ಮನುಷ್ಯ. ಇವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಬರೆದಿದ್ದೆನಲ್ಲ, ಅದೇ ದಿನ ಬರೆದಿದ್ದೆನಲ್ಲ ಎಂಬ ಮಾತು ವಾಪಸು ಬರುವ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಹೊರಬಂತು. ಬಂದದ್ದೇ ತಡ, ಎಲ್ಲ ಬೆಳಗಿದ ಹಾಗೆ ಸ್ಪಷ್ಟವಾಯಿತು. ಮೇಲ್ ತಲುಪಿಯೇ ಇಲ್ಲ! ಅಕ್ಕ ಪಾಪ ಇಡೀ ವರ್ಷ ತಮ್ಮ ಉತ್ತರ ಬರೆಯಲಿಲ್ಲ ಎಂದುಕೊಂಡು ಒಳಗೇ ಬೆಂದಿದ್ದಾಳೆ, ಅವನು ಬರೆದೆನೆಂದುಕೊಂಡು ಹಾಯಾಗಿದ್ದಾನೆ, ನಡುವೆ ನಿಂತು ನುಂಗಿದವನು ಬೇರೆ. ಕಿಟಕಿಯ ಸರಳಿಗೆ ತಲೆಯಾನಿಸಿ ಅವನು ಆಗ ಅನುಭವಿಸಿದ್ದನ್ನು ಸಂತೋಷ ಎಂದೇ ಹೇಳಬೇಕು. ಅದು ಮನೆ ಸೇರುವಷ್ಟರಲ್ಲಿ ಸಿಟ್ಟಾಗಿತ್ತು, ಮತ್ತು ಅಂಥ ಒಳ್ಳೆಯ, ಶುದ್ಧವಾದ ಸಿಟ್ಟು ಅವನಿಗೆ ಬಂದು ಬಹಳ ಕಾಲವಾಗಿತ್ತು.

ಮೇಲ್ ನುಂಗುವುದೆಂದರೆ ಏನೆಂದು ಹೊರಗಿನವರಿಗೆ ಅರ್ಥವಾಗುವುದಿಲ್ಲ, ಆಗಬೇಕೆಂದು ಅವನು ಅಪೇಕ್ಷಿಸುವುದೂ ಇಲ್ಲ. ಅವನ ಸರ್ವರ್‌ನಲ್ಲಿ ಓಡುವ ತಂತ್ರಾಂಶವನ್ನು ಯಾರೂ ಮಾರಿದ್ದಲ್ಲ. ಒಬ್ಬರನ್ನೊಬ್ಬರು ಕಣ್ಣಲ್ಲಿ ಕಾಣದ ಯಾರುಯಾರೋ ಬರೆದು, ತಿದ್ದಿ, ತಗೊಳ್ಳಿ, ಓದಿ ನೋಡಿ, ಬೇಕಾದರೆ ನೀವೂ ತಿದ್ದಿ ಎಂದು ಲೋಕದ ಮುಂದೆ ಇಟ್ಟದ್ದು. ಅದು ಒಂದು ದೊಡ್ಡ ಯಂತ್ರವಲ್ಲ, ಹತ್ತಾರು ಸಣ್ಣ ಸಣ್ಣ ಕೆಲಸಗಾರರು: ಒಬ್ಬ ಬಾಗಿಲಲ್ಲಿ ನಿಂತು ತೆಗೆದುಕೊಳ್ಳುತ್ತಾನೆ, ಒಬ್ಬ ವಿಳಾಸ ಸರಿಮಾಡುತ್ತಾನೆ, ಒಬ್ಬ ಸರತಿಯಲ್ಲಿ ಇಡುತ್ತಾನೆ, ಒಬ್ಬ ಹೊರಗೆ ಒಯ್ಯುತ್ತಾನೆ. ಯಾರಿಗೂ ಇನ್ನೊಬ್ಬರ ಮೇಲೆ ಪೂರ್ತಿ ನಂಬಿಕೆಯಿಲ್ಲ, ಆದ್ದರಿಂದಲೇ ಯಾರೂ ಮೋಸ ಮಾಡುವ ಹಾಗಿಲ್ಲ. ಬಾಗಿಲಲ್ಲಿರುವವನು ಬಂದದ್ದನ್ನು ಡಿಸ್ಕ್‌ನಲ್ಲಿ ಭದ್ರವಾಗಿ ಬರೆದಿಡುವ ತನಕ ತೆಗೆದುಕೊಂಡೆ ಅನ್ನುವುದಿಲ್ಲ. ಜಾಗ ಇಲ್ಲದಿದ್ದರೆ ಆಮೇಲೆ ಬಾ ಅನ್ನುತ್ತಾನೆ. ಅಂಥ ವಿಳಾಸದವರು ಇಲ್ಲಿ ಇಲ್ಲದಿದ್ದರೆ ಇಲ್ಲ, ಆಗಲ್ಲ ಎಂದು ಮುಖದ ಮೇಲೇ ಹೇಳುತ್ತಾನೆ. ತೆಗೆದುಕೊಂಡೆ ಎಂದ ಮೇಲೆ ಮಾತ್ರ ಎರಡೇ ದಾರಿ: ತಲುಪಿಸಬೇಕು, ಇಲ್ಲವೇ ಕಳಿಸಿದವನಿಗೆ ತಲುಪಿಸಲಾಗಲಿಲ್ಲ ಎಂದು ಹಿಂತಿರುಗಿಸಬೇಕು. ಮೂರನೆಯದು ಇಲ್ಲ. ಕೊಟ್ಟ ಮಾತಿಗೆ ನಿಲ್ಲುವುದು ಅಂದರೆ ಇದು, ಎಂದು ಅವನು ಎಷ್ಟೋ ಸಲ ಒಬ್ಬನೇ ಕೂತು ತಲೆದೂಗಿದ್ದಿದೆ. ಮದುವೆಯಾಗದ ಗಂಡಸಿಗೆ ತಲೆದೂಗಲು ಏನಾದರೊಂದು ಬೇಕು ಎಂದು ಸಂಸ್ಥೆಯಲ್ಲಿ ನಗುತ್ತಿದ್ದರು. ದೂರು ಹೇಳಲು ಪ್ರತಿ ಮೇಲ್ ಸರ್ವರ್‌ನಲ್ಲೂ ಪೋಸ್ಟ್‌ಮಾಸ್ಟರ್ ಎಂಬ ಒಂದು ವಿಳಾಸ ಇರಲೇಬೇಕೆಂದು ನಿಯಮ; ಆ ವಿಳಾಸಕ್ಕೆ ಬಂದದ್ದೆಲ್ಲ ಅವನಿಗೆ ಬರುವುದರಿಂದ ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕಿಯವರೆಗೆ ಎಲ್ಲರೂ ಅವನನ್ನು ಪೋಸ್ಟ್‌ಮಾಸ್ಟರ್ ಎಂದೇ ಕರೆಯುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು. ಅವನಿಗೆ ಮಾತ್ರ ಅದು ತಮಾಷೆಯಾಗಿ ಕೇಳಿಸಿದ್ದೇ ಇಲ್ಲ.

ಆ ಸಾಲನ್ನು ಕಾಗದದ ಮೇಲೆ ಮುದ್ರಿಸಿ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಇವತ್ತು ಸಂಜೆಯೇ ಅಕ್ಕನ ಅಂಗಡಿಗೆ ಹೋಗುವುದು. ಅವಳ ಮೇಲ್ ಪೆಟ್ಟಿಗೆ ತೆರೆಸುವುದು. ತನ್ನ ವಿಳಾಸ ಹಾಕಿ ಅವಳ ಕಣ್ಣೆದುರಿಗೇ ಹುಡುಕುವುದು. ಸಿಗುವುದಿಲ್ಲ. ಕಸದ ಪೆಟ್ಟಿಗೆಗೆ ತಳ್ಳಿದ್ದನ್ನು ಕಂಪನಿ ತಿಂಗಳಿಗೆಲ್ಲ ಅಳಿಸಿಬಿಡುತ್ತದೆ. ಆಗ ಜೇಬಿನಿಂದ ಇದನ್ನು ತೆಗೆದು ಅವಳ ಮುಂದೆ ಇಡುವುದು. ನೋಡು ಅಕ್ಕಾ. ಅಷ್ಟೇ, ಇನ್ನೇನೂ ಹೇಳುವುದು ಬೇಡ. ಅವಳೇ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಲಿ.

ಬರೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಇದೇ ಕುರ್ಚಿ. ಜೋಡಿ ಡಿಸ್ಕ್‌ಗಳಲ್ಲಿ ಒಂದು ಬೆಳಿಗ್ಗೆಯೇ ಕೈಕೊಟ್ಟು ಇನ್ನೊಂದು ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದಾಗ ಅವನ ಎರಡು ಕೈಯೂ ಸರ್ವರ್ ಪೆಟ್ಟಿಗೆಯ ಒಳಗಿದ್ದವು, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು "ಆಯ್ತು, ಎಲ್ಲಾ ವಿವರವಾಗಿ ಮೇಲ್ ಮಾಡು, ನಾನು ನೋಡಿ ಹೇಳ್ತೀನಿ" ಎಂದಿದ್ದ. ಅವಳು ಬರೆದಳು. ಡಾಕ್ಟರು ಇನ್ನು ಆಸೆಯಿಲ್ಲ ಅನ್ನುತ್ತಾರೆ, ನಳಿಕೆಯಿಂದ ಉಸಿರಾಡಿಸುತ್ತ ಇಡಬಹುದು, ತೆಗೆಯಬಹುದು, ಮನೆಯವರೇ ಹೇಳಬೇಕಂತೆ, ನೀನು ಹೇಳು. ಅವನು ಬರೆದ: ಅಕ್ಕಾ, ನೀನು ಒಬ್ಬಳೇ ಅಲ್ಲ. ಅಮ್ಮನನ್ನು ಇನ್ನು ನೋಯಿಸುವುದು ಬೇಡ. ನಾಳೆ ಯಾರಾದರೂ ಕೇಳಿದರೆ ನಾವಿಬ್ಬರೂ ಸೇರಿ ಹೇಳಿದೆವು ಅನ್ನೋಣ. ಒಂದೊಂದು ವಾಕ್ಯವೂ ನೆನಪಿದೆ. ಡಿಸ್ಕ್ ಕಿರುಗುಟ್ಟುತ್ತಿದ್ದ ಲಯವೂ ಆ ವಾಕ್ಯಗಳ ಹಿಂದೆ ಕೇಳಿಸುತ್ತದೆ. ಈ ಮಾತುಗಳನ್ನೆಲ್ಲ ಯಾವನೋ ನುಂಗಿ ನೀರು ಕುಡಿದಿದ್ದಾನೆ ಎಂದುಕೊಂಡಾಗ ಅವನಿಗೆ ಮೈಯೆಲ್ಲ ಉರಿಯಿತು. ಕಳಿಸಿದ್ದರ ಪೆಟ್ಟಿಗೆಯಲ್ಲಿ ಅದರ ಪ್ರತಿ ಇರಲೇಬೇಕು; ತೆರೆದು ನೋಡೋಣ ಎಂದು ಕೈ ಹೋದದ್ದು ಅಲ್ಲೇ ನಿಂತಿತು. ನೋಡುವುದೇನಿದೆ? ಅವನು ಲಕೋಟೆ ನೋಡುವವನು, ಕಾಗದ ನೋಡುವವನಲ್ಲ. ಇಷ್ಟು ವರ್ಷದಲ್ಲಿ ಯಾರ ಮೇಲ್‌ನ ಒಳಗೂ ಇಣುಕಿಲ್ಲ ಎನ್ನುವುದು ಅವನ ಹೆಮ್ಮೆ. ತನ್ನದಕ್ಕೂ ಆ ನಿಯಮ ಯಾಕೆ ಬೇಕೆಂದು ಅವನು ಕೇಳಿಕೊಳ್ಳಲಿಲ್ಲ, ಅಷ್ಟರಲ್ಲಿ ನಿರ್ದೇಶಕಿಯ ಕೋಣೆಯಿಂದ ಕರೆ ಬಂತು.

ಉದ್ದನೆಯ ಮೇಜಿನ ಸುತ್ತ ಎಲ್ಲ ವಿಭಾಗದವರೂ ಇದ್ದರು. ಅವನಿಗೆ ಉಳಿದಿದ್ದದ್ದು ಬಾಗಿಲ ಪಕ್ಕದ ಕುರ್ಚಿ, ಯಾರು ಒಳಗೆ ಬಂದರೂ ಮೊಣಕಾಲು ಸರಿಸಬೇಕಾದ ಜಾಗ. ನಿರ್ದೇಶಕಿ ಕೆಟ್ಟವರೇನಲ್ಲ. ಹಾಗಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ನಮ್ಮ ಪರೀಕ್ಷಾ ಫಲಿತಾಂಶಗಳು ಬಿತ್ತನೆ ಬೀಜದ ಕಂಪನಿಗಳಿಗೆ ಹೋಗುತ್ತಿಲ್ಲ, ಹೋದರೂ ಕಸದ ಪೆಟ್ಟಿಗೆಯಲ್ಲಿ ಬೀಳುತ್ತಿವೆ, ಆದ್ದರಿಂದ ಬರುವ ತಿಂಗಳಿಂದ ಸಂಸ್ಥೆಯ ಮೇಲ್ ಎಲ್ಲ ದೊಡ್ಡ ಕಂಪನಿಗೆ ವಹಿಸುವುದೆಂದು ತೀರ್ಮಾನವಾಗಿದೆ ಎಂದು ಅವರು ಮೃದುವಾಗಿಯೇ ಹೇಳಿದರು. "ಪೋಸ್ಟ್‌ಮಾಸ್ಟರ್ ಅವರು ತುಂಬಾ ಶ್ರಮಪಟ್ಟಿದ್ದಾರೆ. ಆದ್ರೆ ನೋಡಿ, ಪುಕ್ಕಟೆ ಸಿಕ್ಕಿದ್ದಕ್ಕೆ ನಾಳೆ ಏನಾದ್ರೂ ಆದ್ರೆ ಹೊಣೆ ಯಾರು?"

"ಹೊಣೆ ಅನ್ನೋ ಮಾತು ಮಾತ್ರ ಆಡಬೇಡಿ ಮೇಡಂ," ಎಂದ ಅವನು. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. "ನಮ್ಮದು ಒಂದು ಮೇಲ್ ಕಳಕೊಂಡಿದ್ದು ತೋರಿಸಿ. ಹೋದ ವರ್ಷ ಡಿಸ್ಕ್ ಹೋದಾಗ್ಲೂ ಒಂದೂ ಕಳೀಲಿಲ್ಲ. ನಮ್ಮ ಸರ್ವರ್ ಪೂರ್ತಿ ಮಲಗಿದ್ರೂ ಕಳೀತಿರಲಿಲ್ಲ. ಆ ಕಡೆಯವು ದಿನಗಟ್ಟಲೆ ಕಾಯ್ತವೆ, ಮತ್ತೆ ಮತ್ತೆ ಬಂದು ಬಾಗಿಲು ತಟ್ತವೆ. ಆ ಏರ್ಪಾಟೇ ಹಾಗಿದೆ."

"ಹಾಗಾದ್ರೆ ಆವತ್ತು ನೀವು ಹಗಲೂ ರಾತ್ರಿ ಇಲ್ಲೇ ಕೂತಿದ್ದು ಯಾಕೆ?" ಎಂದು ಲೆಕ್ಕದ ವಿಭಾಗದವರು ನಕ್ಕರು. ಸುಮ್ಮನೆ ಕೇಳಿದ್ದು, ಹೊಗಳಿದ್ದೂ ಇರಬಹುದು. ಅವನಿಗೆ ಎಲ್ಲಿಯೋ ಸೂಜಿ ಚುಚ್ಚಿದ ಹಾಗಾಯಿತು. ಯಾಕೆ ಕೂತಿದ್ದೆ? ಡಿಸ್ಕ್ ಬದಲಿಸುವುದಿತ್ತು. ಮರುದಿನ ಬದಲಿಸಬಹುದಿತ್ತು. ಆಸ್ಪತ್ರೆಗೆ ಬಸ್ ಗಂಟೆಗೊಂದು ಇತ್ತು. ಈ ಮೂರೂ ಸಂಗತಿಗಳು ಒಂದರ ಹಿಂದೊಂದು ಬಂದು ಅವನ ಮುಂದೆ ನಿಂತವು, ಅವನು ಅವನ್ನು ದಾಟಿಕೊಂಡು ದೊಡ್ಡ ಕಂಪನಿಯ ಮೇಲೆ ಹಾರಿಬಿದ್ದ. "ಮೇಡಂ, ನಮ್ಮ ಮೇಲ್ ಕಸಕ್ಕೆ ಹೋಗ್ತಿರೋದು ನಮ್ಮ ತಪ್ಪಿಗಲ್ಲ. ನಮ್ಮ ಸರ್ವರ್ ಹಾಕೋ ಸಹಿ ಸರಿಯಾಗಿದೆ, ವಿಳಾಸ ಸರಿಯಾಗಿದೆ, ಇಪ್ಪತ್ತು ವರ್ಷದಲ್ಲಿ ಒಂದು ಕಸದ ಮೇಲ್ ನಾವು ಕಳಿಸಿಲ್ಲ. ನಾವು ಸಣ್ಣವರು ಅಂತ ಅವನು ತಳ್ತಾನೆ. ತಗೊಂಡೆ ಅಂತಾನೆ, ಹಿಂದಿನ ಬಾಗಿಲಿಂದ ಎಸೀತಾನೆ. ಯಾಕಪ್ಪಾ ಅಂತ ಕೇಳೋಕೆ ಅಲ್ಲೊಬ್ಬ ಮನುಷ್ಯನಿಲ್ಲ. ಬಾಗಿಲು ಮುರಿದವನ ಕೈಗೇ ಬೀಗದಕೈ ಕೊಡ್ತೀನಿ ಅಂತಿದೀರಲ್ಲ! ನನ್ನ ಅಕ್ಕನಿಗೆ ನಾನು ಬರೆದಿದ್ದನ್ನ ನುಂಗಿದ್ದಾನೆ ಅವನು. ನಮ್ಮಮ್ಮ ಸಾಯ್ತಿದ್ದಾಗ ಬರೆದಿದ್ದು. ನನ್ನಕ್ಕ ಒಂದು ವರ್ಷ—"

ಯಾರೋ ಕೆಮ್ಮಿದರು. ನಿರ್ದೇಶಕಿ ತಮ್ಮ ಮುಂದಿನ ಪೆನ್ನನ್ನು ನೇರವಾಗಿ ಇಟ್ಟು, "ನೀರು ಕುಡೀರಿ," ಎಂದರು. ಮೇಜಿನ ಆ ತುದಿಯಿಂದ ನೀರಿನ ಲೋಟ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಅವನವರೆಗೆ ಬಂತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕುಡಿಯದೆ ಇಡುವ ಹಾಗಿರಲಿಲ್ಲ, ಕುಡಿದ; ಗಂಟಲು ಸದ್ದು ಮಾಡಿತು. ಅಮ್ಮನ ಸಾವನ್ನು ಈ ಮೇಜಿನ ಮೇಲೆ ತಂದು ಹಾಕಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಮತ್ತು ಅದನ್ನು ತಂದುಹಾಕುವಂತೆ ಮಾಡಿದ್ದಕ್ಕೆ ಕಂಪನಿಯ ಮೇಲೆ ಇನ್ನಷ್ಟು ಸಿಟ್ಟು ಬಂತು. ಮುಂದಿನ ವಿಷಯ ಕುರ್ಚಿಗಳ ಬಗ್ಗೆ ಇತ್ತು. ಮುರಿದ ಕುರ್ಚಿಗಳನ್ನು ಇಡಲು ಜಾಗವಿಲ್ಲ, ಸರ್ವರ್ ಕೋಣೆ ಖಾಲಿಯಾದ ಮೇಲೆ ಅಲ್ಲಿ ಇಡಬಹುದು ಎಂದಾಯಿತು.

ಕಾರಿಡಾರಿನಲ್ಲಿ ಮೊಳಕೆ ಮೇಡಂ ಅವನನ್ನು ಹಿಡಿದರು. ಒದ್ದೆ ಕಾಗದದ ಮೇಲೆ ಬೀಜ ಹರಡಿ, ಎಷ್ಟು ಮೊಳೆತವು ಎಷ್ಟು ಸತ್ತವು ಎಂದು ನೋಡುವುದು ಅವರ ಕೆಲಸ. ಬೆರಳುಗಳು ಯಾವಾಗಲೂ ನೆನೆದು ಸುಕ್ಕಾಗಿರುತ್ತವೆ. ಸಂಸ್ಥೆಯಲ್ಲಿ ಅವನ ಮಾತನ್ನು ಪೂರ್ತಿ ಕೇಳುವವರು ಅವರೊಬ್ಬರೇ. ಅವನು ಜೇಬಿನ ಕಾಗದ ತೆಗೆದು ತೋರಿಸಿದ, ಭಾನುವಾರದ್ದನ್ನೂ ಹೇಳಿದ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕ ಏನಂದ್ರು? ಮೇಲ್ ಬರಲಿಲ್ಲ ಅಂದ್ರಾ?" ಎಂದು ಕೇಳಿದರು.

"ಕೈ ಬಿಟ್ಟೆ ಅಂದ್ಲು. ಬಂದಿದ್ರೆ ಯಾಕೆ ಹಾಗಂತಾಳೆ?"

"ಏನು ಬರೆದಿದ್ರಿ?"

"ಏನು ಬರೆದಿದ್ದೆ ಅನ್ನೋದಲ್ಲ ಮೇಡಂ ವಿಷಯ. ತಲುಪಿಲ್ಲ ಅನ್ನೋದು ವಿಷಯ."

"ಸರಿ ಬಿಡಿ," ಎಂದರು ಮೊಳಕೆ ಮೇಡಂ. ಕಾಗದ ವಾಪಸು ಕೊಡುವಾಗ ಅದರ ಮೇಲೆ ಅವರ ಬೆರಳಿನ ಒದ್ದೆ ಗುರುತು ಉಳಿದಿತ್ತು. ಸರಿಯಾಗಿ ಮೇಲ್‌ನ ಗಾತ್ರ ಬರೆದಿದ್ದ ಕಡೆ. ಅಂಕಿ ತೀರ ಸಣ್ಣದಿತ್ತು. ಅವನು ಅದನ್ನು ಅಂಗಿಗೆ ಒರೆಸಿ ಮಡಚಿದ. ಎಲ್ಲರೂ ಒಂದೇ, ಮೊಳಕೆ ಮೇಡಂ ಕೂಡ. ಮನೆಗೆ ಕಳ್ಳ ನುಗ್ಗಿದ್ದಾನೆ ಎಂದರೆ ನಿಮ್ಮ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳುವ ಜನ.

ಅರ್ಧ ದಿನ ರಜೆ ಹಾಕಿ ಬಸ್ ಹತ್ತಿದ. ಹೊರಗೆ ಗೋದಾಮುಗಳು, ಪೆಟ್ರೋಲ್ ಬಂಕು, ಅರ್ಧಕ್ಕೆ ನಿಂತ ಕಟ್ಟಡಗಳು. ಇದೇ ದಾರಿಯಲ್ಲಿ ಆವತ್ತು ಬಂದಿದ್ದರೆ ಎಂಬ ಯೋಚನೆ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಅವನು ಅದರ ಕಡೆ ನೋಡಲಿಲ್ಲ. ಅಮ್ಮನನ್ನು ಅವನು ಕೊನೆಗೆ ಕಂಡದ್ದು ಅದಕ್ಕೂ ಹಿಂದಿನ ವಾರ. ನಳಿಕೆ ಹಾಕಿದ್ದ ಬಾಯಿಯ ಮೂಲೆಯಲ್ಲಿ ಅಂಟುಪಟ್ಟಿ ಚರ್ಮ ಎಳೆದು ಕೆಂಪಾಗಿತ್ತು, ಅದನ್ನು ಸ್ವಲ್ಪ ಸಡಿಲ ಮಾಡಿ ಎಂದು ನರ್ಸ್‌ಗೆ ಹೇಳಬೇಕೆಂದುಕೊಂಡ, ನರ್ಸ್ ಬಂದಾಗ ಹೊರಗೆ ಹೋಗಿ ನಿಂತ. ಅಕ್ಕ ಹೇಳಿದಳೋ ಏನೋ. ಚಿಕ್ಕವನಿದ್ದಾಗಲೂ ಹಾಗೆಯೇ, ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಅಕ್ಕನ ಕೈಲಿ ಹೇಳಿಸುವುದು: ಫೇಲಾದದ್ದು, ಕಿಟಕಿ ಗಾಜು ಒಡೆದದ್ದು. "ಪುಟ್ಟ ಒಡೆದ" ಎಂದು ಅವಳು ಹೇಳುತ್ತಿದ್ದಳು, ಬಾಗಿಲ ಹಿಂದೆ ಅವನು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದ, ಅಪ್ಪನ ಮೊದಲ ಬೈಗುಳ ಅವಳಿಗೇ ಬೀಳುತ್ತಿತ್ತು. ಥೂ, ಇದೆಲ್ಲ ಈಗ ಯಾಕೆ? ಜೇಬು ಮುಟ್ಟಿ ನೋಡಿಕೊಂಡ. ಕಾಗದ ಇತ್ತು. ಕಂಪನಿಗೆ ಒಂದು ಖಾರವಾದ ದೂರು ಬರೆಯಬೇಕು, ಆ ದೂರಿಗೂ ಯಂತ್ರವೇ ಉತ್ತರ ಕೊಡುತ್ತದೆ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅನ್ನುತ್ತದೆ. ಮುಖ್ಯವಂತೆ! ಸಿಟ್ಟು ಮತ್ತೆ ಹದಕ್ಕೆ ಬಂತು. ಇಳಿಯುವ ಹೊತ್ತಿಗೆ ಅವನು ಹೆಚ್ಚುಕಡಿಮೆ ಖುಷಿಯಾಗಿದ್ದ.

ಅಕ್ಕನ ಅಂಗಡಿ ಉದ್ದಕ್ಕೆ ಕಿರಿದಾಗಿತ್ತು. ಎರಡೂ ಗೋಡೆಗೆ ಫ್ರೇಮುಗಳು, ಕೊನೆಯ ಗೋಡೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ. ಮುದುಕರೊಬ್ಬರು ಕನ್ನಡಕವಿಲ್ಲದ ಮುಖದಲ್ಲಿ ಸ್ಟೂಲಿನ ಮೇಲೆ ಕಾಯುತ್ತಿದ್ದರು. ಅವರ ಕನ್ನಡಕ ಅಕ್ಕನ ಕೈಯಲ್ಲಿತ್ತು, ಅದರ ಕಾಲು ಸಡಿಲವಾಗಿತ್ತು, ಅವಳು ಹಲ್ಲುಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಹಿಡಿದಿದ್ದಳು.

"ಏನೋ ಇದ್ದಕ್ಕಿದ್ದ ಹಾಗೆ? ಊಟ ಆಯ್ತಾ?"

"ಆಯ್ತು. ಅಕ್ಕಾ, ನಿನ್ನ ಮೇಲ್ ಸ್ವಲ್ಪ ತೆಗಿ. ಒಂದು ನೋಡಬೇಕು."

ಅವಳು ಅವನ ಮುಖ ನೋಡಿದಳು. ಏನೂ ಕೇಳದೆ ಕೌಂಟರಿನ ಕಂಪ್ಯೂಟರ್ ಅವನ ಕಡೆ ತಿರುಗಿಸಿ, ಮೇಲ್ ತೆರೆದು ಕೊಟ್ಟು, ಮತ್ತೆ ಕನ್ನಡಕಕ್ಕೆ ಬಾಗಿದಳು. ಅವನು ನಿಂತೇ ತನ್ನ ವಿಳಾಸ ಬಡಿದ. ಒಂದು ಕೈ ಆಗಲೇ ಜೇಬಿನ ಕಾಗದದ ಮೇಲಿತ್ತು. "ಈಗ ನೋಡು, ಏನೂ ಸಿಗಲ್ಲ," ಎಂದ. "ಯಾಕೆ ಸಿಗಲ್ಲ ಅಂತ ಹೇಳ್ತೀನಿ."

ಸಿಕ್ಕಿತು. ಹುಡುಕಿ ಮುಗಿಯುವ ಮೊದಲೇ ಸಿಕ್ಕಿತು. 'ಅಮ್ಮ' ಎಂದು ಹೆಸರಿಟ್ಟು ಅವಳು ಬೇರೆಯಾಗಿ ಎತ್ತಿಟ್ಟಿದ್ದ ಕಡೆ, ಆಸ್ಪತ್ರೆಯ ರಿಪೋರ್ಟುಗಳ, ಡಾಕ್ಟರ ಮೇಲ್‌ಗಳ ನಡುವೆ ಇತ್ತು. ಓದಿದ ಮೇಲ್‌ನ ಬಣ್ಣ ತೆಳುವಾಗಿರುತ್ತದೆ. ಇದರ ಬಣ್ಣ ತೆಳುವಾಗಿತ್ತು. ತಪ್ಪು ತಾರೀಖಿನದಿರಬೇಕು ಎಂದು ತಾರೀಖು ನೋಡಿದ. ಅದೇ ದಿನ. ಬೇರೆ ಯಾವುದೋ ಇರಬೇಕು ಎಂದು ತೆರೆದ.

ಮೇಲ್ ಬಂತು ಅಕ್ಕಾ. ಇಲ್ಲಿ ಡಿಸ್ಕ್ ಹೋಗಿದೆ, ಬಿಟ್ಟು ಬರೋ ಹಾಗಿಲ್ಲ. ನಿನಗೆ ಸರಿ ಅನ್ನಿಸಿದ್ದು ಮಾಡು. ಆಮೇಲೆ ಮಾತಾಡೋಣ.

ಇಷ್ಟೇ. ಅವನು ಅದರ ಕೆಳಗೆ ನೋಡಿದ. ಕೆಳಗೆ, ಅವನ ಪ್ರತಿ ಮೇಲ್‌ನ ಬುಡದಲ್ಲೂ ತಾನಾಗಿ ಅಂಟಿಕೊಳ್ಳುವ ಸಾಲುಗಳು: ಅವನ ಹುದ್ದೆ, ಸಂಸ್ಥೆಯ ವಿಳಾಸ, ಈ ಪತ್ರವನ್ನು ಮುಕ್ತ ತಂತ್ರಾಂಶದ ನಮ್ಮದೇ ಸರ್ವರ್‌ನಿಂದ ಕಳುಹಿಸಲಾಗಿದೆ ಎಂಬ ಹೆಮ್ಮೆ. ನೀನು ಒಬ್ಬಳೇ ಅಲ್ಲ ಎನ್ನುವುದು ಎಲ್ಲಿ? ನಾವಿಬ್ಬರೂ ಸೇರಿ ಎನ್ನುವುದು ಎಲ್ಲಿ? ಕಂಪನಿಯವನು ನಡುವಿನ ವಾಕ್ಯಗಳನ್ನು ಕಿತ್ತುಹಾಕಿದ್ದಾನೆ ಎಂದು ಒಂದು ಕ್ಷಣ, ದೇವರಾಣೆಗೂ, ಅವನಿಗೆ ಅನ್ನಿಸಿತು. ಹಾಗೆ ಆಗುವುದಿಲ್ಲವೆಂದು ಲೋಕದಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ಅವನಿಗೇ. ಆ ವಾಕ್ಯಗಳು ಸಂಜೆ ಬಂದಿದ್ದವು, ಡಿಸ್ಕ್ ಬದಲಿಸಿ ಕೈ ತೊಳೆದು ಖಾಲಿ ಕೋಣೆಯಲ್ಲಿ ಕೂತಾಗ. ಆಗ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು. ಅವನ್ನು ಅವನು ಯಾರಿಗೂ ಬರೆದಿರಲಿಲ್ಲ.

"ತಲುಪಿಲ್ಲ ಅಂದ್ಕೊಂಡಿದ್ದೆ," ಎಂದ. ದನಿ ಬೇರೆ ಯಾರದೋ ಹಾಗಿತ್ತು.

"ತಲುಪಿತ್ತಲ್ಲೋ." ಅಕ್ಕ ಸ್ಕ್ರೂ ತಿರುಗಿಸುತ್ತಲೇ ಇದ್ದಳು. "ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ. ತಕ್ಷಣ ಬಂತು. ಓದಿದೆ. ಇನ್ನೂ ಕೆಳಗೆ ಏನೋ ಬರೆದಿರ್ತಾನೆ ಅಂತ ಬೆರಳಲ್ಲಿ ತಳ್ಳಿದೆ, ನಿನ್ನ ಆಫೀಸಿನ ವಿಳಾಸ ಬಂತು. ಇನ್ನೂ ತಳ್ಳಿದೆ. ತಳ್ತಾ ತಳ್ತಾ ಹೋದ್ರೆ ಕೊನೆಗೆ ನಾನು ಬರೆದಿದ್ದೇ ನಂಗೆ ಸಿಕ್ತು."

ಅವನು ಪರದೆ ತಳ್ಳಿದ. ಹೌದು, ಅಲ್ಲೇ ಇತ್ತು. ಉತ್ತರಿಸುವಾಗ ಕೇಳಿದವರ ಮಾತು ಬುಡದಲ್ಲಿ ಹಾಗೇ ಉಳಿದು ವಾಪಸು ಹೋಗುತ್ತದೆ. ಅವಳ ಉದ್ದನೆಯ ಪ್ರಶ್ನೆ, ತುದಿಯಲ್ಲಿ 'ನೀನು ಹೇಳು ಪುಟ್ಟಾ', ಒಂದಕ್ಷರವೂ ಕಳೆಯದೆ.

"ಹಾಗಿದ್ರೆ ಚಿಕ್ಕಮ್ಮ ಒಂದು ಮಾತು ಹೇಳ್ಲಿಲ್ಲ ಅಂದಾಗ ನೀನು ಯಾಕೆ ಸುಮ್ನಿದ್ದೆ?" ಅವನ ದನಿ ಏರಿತು. ಸ್ಟೂಲಿನ ಮುದುಕರು ಸದ್ದಿನ ಕಡೆ ಮುಖ ತಿರುಗಿಸಿದರು. "ಮೇಲ್ ಬಂದಿತ್ತು ಚಿಕ್ಕಮ್ಮಾ ಅನ್ನಬಹುದಿತ್ತಲ್ಲ? ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದು… ಭಾನುವಾರದಿಂದ ನಾನು… ಇವತ್ತು ಆಫೀಸಲ್ಲಿ ಎಲ್ಲರ ಮುಂದೆ ನಾನು…" ಅಷ್ಟು ದೊಡ್ಡ ಸಿಟ್ಟು, ಬೆಳಗಿನಿಂದ ಮೈತುಂಬ ಹೊತ್ತು ತಂದದ್ದು, ಇಳಿಸಲು ಎಲ್ಲೂ ಜಾಗವಿರಲಿಲ್ಲ.

ಅಕ್ಕ ಈಗ ತಲೆಯೆತ್ತಿದಳು. ಸಿಟ್ಟು ಇದ್ದದ್ದು ಅವಳ ಕಣ್ಣಲ್ಲಿ. ವರ್ಷವಿಡೀ ಅವಳು ಅದನ್ನು ಸದ್ದಿಲ್ಲದೆ ಇಟ್ಟುಕೊಂಡಿದ್ದಳು, ಈಗಲೂ ದನಿಯೇರಿಸಲಿಲ್ಲ. "ಆಗಲ್ಲ ಅನ್ನಬಹುದಿತ್ತಲ್ಲೋ. ಫೋನ್ ಮಾಡಿದಾಗ್ಲೇ ನನ್ನ ಕೈಲಾಗಲ್ಲ ಅಕ್ಕಾ ಅಂದಿದ್ರೆ ಚಿಕ್ಕಮ್ಮನ್ನ ಕೇಳ್ತಿದ್ದೆ, ನಿಮ್ಮ ಭಾವನ್ನ ಕೇಳ್ತಿದ್ದೆ, ಯಾರನ್ನಾದ್ರೂ ಕೇಳ್ತಿದ್ದೆ. ನೀನು ಆಯ್ತು ಅಂದೆ. ನೋಡಿ ಹೇಳ್ತೀನಿ ಅಂದೆ. ಅದಕ್ಕೇ ಅಲ್ವಾ ನಾನು ಬೇರೆ ಯಾರನ್ನೂ ಕೇಳದೆ ಕಾದಿದ್ದು?"

ಅಂಗಡಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಆ ಸದ್ದು ನಿಂತು, ಮತ್ತೆ ಶುರುವಾಯಿತು. ಅವನ ಕೈ ಇನ್ನೂ ಜೇಬಿನಲ್ಲಿತ್ತು. ಬೆವರಿಗೆ ಕಾಗದ ಮೆತ್ತಗಾಗಿತ್ತು. ನೋಡೋಣ ಬಿಡು, ಆದದ್ದಾಯಿತು, ಆಮೇಲೆ ಮಾತಾಡೋಣ: ಮಾತುಗಳು ತಾವಾಗಿಯೇ ನಾಲಿಗೆಯ ಮೇಲೆ ಬಂದು ಸಾಲಾಗಿ ನಿಂತವು. ಅವನ್ನೆಲ್ಲ ಹಲ್ಲು ಕಚ್ಚಿ ತಡೆದ.

"ನಂಗೆ ಆಗ್ಲಿಲ್ಲ ಅಕ್ಕಾ," ಎಂದ. "ತೆಗೀರಿ ಅಂತ ಹೇಳೋಕೆ ನಂಗೆ ಆಗ್ಲಿಲ್ಲ. ಡಿಸ್ಕ್ ಅದೆಲ್ಲಾ ಬರೀ ನೆಪ."

ಅಕ್ಕ ಕನ್ನಡಕವನ್ನು ಬೆಳಕಿಗೆ ಹಿಡಿದು ಎರಡೂ ಕಾಲು ಮಡಚಿ ಬಿಡಿಸಿ ನೋಡಿದಳು. ಬಟ್ಟೆಯಿಂದ ಗಾಜು ಒರೆಸಿದಳು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ಗೊತ್ತು," ಎಂದಳು. "ನಂಗೂ ಆಗ್ತಿರಲಿಲ್ಲ ಕಣೋ. ಆದ್ರೂ ಹೋಗಿ ಹೇಳಿ ಬಂದೆ."

ಆಮೇಲೆ ಮುದುಕರ ಹತ್ತಿರ ಹೋಗಿ, ಅವರ ಕಿವಿಯ ಹಿಂದೆ ಕೂದಲು ಸರಿಸಿ ಕನ್ನಡಕ ಹಾಕಿ, ಗೋಡೆಯ ಹಲಗೆ ತೋರಿಸಿದಳು. ಕೊನೆಯ ಸಾಲಿನಿಂದ ಓದಿ ಎಂದಳು. ಮುದುಕರು ಒಂದೊಂದೇ ಅಕ್ಷರ ಹೇಳತೊಡಗಿದರು. ಅವನು ಕೌಂಟರಿನ ಈಚೆಗೆ ನಿಂತೇ ಇದ್ದ. ಕೂತುಕೋ ಎಂದು ಅವಳು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.